ಸ್ನಾನ ಮುಗಿಸದ ಕಾಯಿಗಳು

ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ದೊಡ್ಡಣ್ಣ ನಾಲ್ಕು ಸಲ ಸತ್ತಿದ್ದ. ಮೊದಲ ಸಲ ಹುಲಿಯಾಗಿ ಗುಂಡೇಟು ತಿಂದು. ಎರಡನೇ ಸಲ ಬ್ರೇಕು ಹಿಡಿಯದ ತಿಪಟೂರು ಬಸ್ಸಾಗಿ ಕೊಟ್ಟಿಗೆಯ ಗೋಡೆಗೆ ಗುದ್ದಿ. ಮೂರನೇ ಸಲ ಪೊರಕೆ ಕಡ್ಡಿಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡು. ನಾಲ್ಕನೇ ಸಲ ಯಾಕೆ ಸತ್ತನೆಂದು ಅವನಿಗೇ ತಿಳಿಯಲಿಲ್ಲ. ಮೊಮ್ಮಗಳು “ಸಾಯಿ ತಾತ” ಅಂದಳು, ಸತ್ತ. ಅರವತ್ತೇಳು ವರ್ಷದ ಮೊಣಕಾಲು ಇಟ್ಟುಕೊಂಡು ಸಾಯುವುದು ಸಲೀಸು, ಎದ್ದು ಕೂರುವುದೇ ಕಷ್ಟ.

ಮೊಮ್ಮಗಳ ಹೆಸರು ಹಂಸಿಕಾ. ಮನೆಯಲ್ಲಿ ಯಾರ ನಾಲಿಗೆಯ ಮೇಲೂ ಆ ‘ಹ’ ನಿಲ್ಲದೆ ಅವಳು ಅಂಸಿಯಾಗಿ ನಾಲ್ಕು ವರ್ಷ ಕಳೆದಿತ್ತು. ಆಟದ ಸಾಮಾನಿಗೆ ಅವಳಿಗೆ ಬರವಿರಲಿಲ್ಲ. ಅಪ್ಪ ಗಂಗರಾಜು ತಂದುಕೊಟ್ಟ ಪ್ಲಾಸ್ಟಿಕ್ ಒಲೆ, ಕುಕ್ಕರು, ಕಣ್ಣು ಮಿಟುಕಿಸುವ ಗೊಂಬೆ, ಎಲ್ಲವೂ ಗೋಣಿಚೀಲದಲ್ಲಿ ಮೂಟೆಯಾಗಿದ್ದವು. ಆದರೆ ಅಂಸಿಯ ಪ್ರಕಾರ ಆಟದ ಸಾಮಾನೆಂದರೆ ಉಸಿರಾಡಬೇಕು, ಹೇಳಿದಂತೆ ಕೇಳಬೇಕು, ಬೇಕೆಂದಾಗ ಸಾಯಬೇಕು. ಅಂಥದ್ದು ಮನೆಯಲ್ಲಿ ಒಂದೇ ಇತ್ತು.

ಅಜ್ಜಿ ಅಂಕಮ್ಮ ಇದ್ದಿದ್ದರೆ ಪಾಳಿ ಹಂಚಿಕೊಳ್ಳಬಹುದಿತ್ತು. ಅವಳು ತಂಗಿಯ ಮಗಳ ಬಾಣಂತನವೆಂದು ತುರುವೇಕೆರೆಗೆ ಹೋಗಿ ವಾರವಾಗಿತ್ತು. ಗಂಗರಾಜು ಬೋರ್‌ವೆಲ್ ಮೋಟರು ಹೇರಿಕೊಂಡು ಚಿಕ್ಕನಾಯಕನಹಳ್ಳಿಗೆ ಹೋಗಿದ್ದ. ಸೊಸೆ ನಯನ ಪಕ್ಕದೂರಿನಲ್ಲಿ ಅಂಗನವಾಡಿ ಟೀಚರು. ಊರಿನ ಮಕ್ಕಳನ್ನೆಲ್ಲ ಆಡಿಸುವ ಅವಳಿಗೆ ತನ್ನ ಮಗಳನ್ನು ಮಾತ್ರ ಅಲ್ಲಿಗೆ ಕರೆದೊಯ್ಯಲು ಆಗುತ್ತಿರಲಿಲ್ಲ. ಅಂಸಿ ಅಮ್ಮನ ಸೆರಗು ಬಿಡುತ್ತಿರಲಿಲ್ಲ. ಅವಳನ್ನು ನೋಡಿ ಉಳಿದ ಹದಿನಾಲ್ಕು ಮಕ್ಕಳಿಗೂ ತಂತಮ್ಮ ಅಮ್ಮಂದಿರ ಸೆರಗು ನೆನಪಾಗಿ ಒಟ್ಟಿಗೇ ರಾಗ ಎಳೆಯುತ್ತಿದ್ದವು.

ಅವತ್ತು ಸ್ಕೂಟರ್ ಹತ್ತುವ ಮುಂಚೆ ನಯನ ಮಾವನಿಗೆ ಪಾಠ ಹೇಳಿದ್ದಳು.

“ಮಾವ, ಅವಳು ಒಬ್ಬಳೇ ಆಡೋದು ಕಲೀಬೇಕು. ನಮ್ಮ ಟ್ರೈನಿಂಗಲ್ಲೂ ಅದೇ ಹೇಳಿದ್ದಾರೆ. ಮೊದಲು ಪಕ್ಕದಲ್ಲಿ ಕೂತ್ಕೊಳ್ಳಿ. ಆಮೇಲೆ ಸ್ವಲ್ಪ ಸ್ವಲ್ಪವೇ ದೂರ ಸರೀರಿ. ಹಿಂಗಾಡು, ಹಂಗಾಡು ಅಂತ ಹೇಳ್ಕೊಡಬೇಡಿ. ಅವಳ ಪಾಡಿಗೆ ಆಡ್ತಾ ಇದ್ದಾಗ ಮಧ್ಯೆ ಬಾಯಿ ಹಾಕಬೇಡಿ.”

“ಭೇಷ್ ಅನ್ನಬೋದಾ?”

“ಅದೂ ಬೇಡ.”

“ಉಸ್ರಾಡಬೋದಾ?”

“ಮೆಲ್ಲಗೆ,” ಅಂದು ನಯನ ಸ್ಕೂಟರ್ ಬಿಟ್ಟಿದ್ದಳು.

ಬೇರೆ ದಿನವಾಗಿದ್ದರೆ ದೊಡ್ಡಣ್ಣ ಈ ಪಾಠವನ್ನು ಎಡಗಿವಿಯಲ್ಲಿ ಕೇಳಿ ಬಿಟ್ಟುಬಿಡುತ್ತಿದ್ದ. ಎಡಗಿವಿಯಲ್ಲಿ ಕೇಳುವುದೆಂದರೆ ಅವನ ಮಟ್ಟಿಗೆ ಕೇಳದಿರುವುದೇ. ಆ ಕಿವಿ ಬಾಗಿಲು ಹಾಕಿಕೊಂಡು ಎರಡು ವರ್ಷವಾಗಿತ್ತು, ಬಲಗಿವಿಯದು ಅರೆಬಾಗಿಲು. ಇದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು. ಅಂಕಮ್ಮನಿಗೂ ಅನುಮಾನ ಬಂದಿರಲಿಲ್ಲ. ಮದುವೆಯಾದಾಗಿನಿಂದ ಅವನು ಅವಳು ಹೇಳಿದ್ದನ್ನು ಕಿವಿಗೆ ಹಾಕಿಕೊಂಡವನೇ ಅಲ್ಲ. ಹೊಸದಾಗಿ ಏನೋ ಕೆಟ್ಟಿದೆ ಅಂತ ಅವಳಿಗಾದರೂ ಹೇಗೆ ತಿಳಿಯಬೇಕು? ಉಳಿದವರು ಏನು ಕೇಳಿದರೂ “ಹ್ಞೂಂ” ಅಂದುಬಿಟ್ಟರೆ ನೂರಕ್ಕೆ ತೊಂಬತ್ತು ಮಾತು ದಾಟಿಹೋಗುತ್ತಿತ್ತು.

ಆದರೆ ಅವನ ಹೆಸರು ನಿಂತಿದ್ದುದೇ ಆ ಕಿವಿಯ ಮೇಲೆ. ಅವನೂರು ಹಾಲ್ಕುರಿಕೆಯಿಂದಾಚೆಗೂ ನಾಲ್ಕು ಊರಿನಲ್ಲಿ ದೊಡ್ಡಣ್ಣನ ಕಿವಿಯೆಂದರೆ ಒಂದು ಮಾತಿತ್ತು. ಅಟ್ಟದ ಮೇಲೆ ಹನ್ನೊಂದು ತಿಂಗಳು ಮಲಗಿದ ತೆಂಗಿನಕಾಯಿಯ ನೀರು ಇಂಗಿ, ಒಳಗಿನ ತಿರುಳು ತಾನಾಗಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಮಟ್ಟೆ ಸುಲಿದ ಕಾಯನ್ನು ಅಲುಗಿಸಿದರೆ ಉಂಡೆ ಚಿಪ್ಪಿಗೆ ತಾಕಿ ಗುಡುಗುಡು ಅನ್ನುತ್ತದೆ. ಆ ಗುಡುಗುಡು ಕೈಗೂ ತಿಳಿಯುತ್ತದೆ. ಆದರೆ ಉಂಡೆ ಬಿಟ್ಟುಕೊಂಡ ಮೇಲೂ ಒಳಗೆ ಒಂದು ಗುಟುಕು ನೀರು ಉಳಿದುಬಿಟ್ಟಿರುವ ಕಳ್ಳಕಾಯಿಗಳಿರುತ್ತವಲ್ಲ, ಅವನ್ನು ಹಿಡಿಯುವುದು ಕಿವಿ ಮಾತ್ರ. ಅಂಥದ್ದನ್ನು ಒಡೆದು ಮೂಟೆಗೆ ಹಾಕಿದರೆ ಬೂಸ್ಟು ಹತ್ತಿ ಅಕ್ಕಪಕ್ಕದ್ದನ್ನೂ ಕೆಡಿಸುತ್ತದೆ.

ಹೋದ ವರ್ಷ ದೊಡ್ಡಣ್ಣನ ಮೂಟೆಯಲ್ಲಿ ಅಂಥವು ಮೂರು ಸಿಕ್ಕಿದ್ದವು. ತಿಪಟೂರಿನ ಮಾರ್ಕೆಟ್ಟಿನಲ್ಲಿ, ಎಲ್ಲರೆದುರಿಗೆ. ಸಿಕ್ಕಾಗ ಪಕ್ಕದಲ್ಲೇ ನಿಂತಿದ್ದವನು ಪಕ್ಕದ ತೋಟದ ಶಂಭುಲಿಂಗಯ್ಯ. ದೊಡ್ಡಣ್ಣನ ಓರಗೆಯವನು, ಚಿಕ್ಕಂದಿನಿಂದ ಅವನ ಸೋಲನ್ನು ಕಾದು ಕೂತವನು. “ನಿನ್ ಕಿವಿಗೆ ವಯಸ್ಸಾಯ್ತು ಕಣ್ಲಾ ದೊಡ್ಡ,” ಅಂದಿದ್ದ. ಆ ಮಾತು ಟೀ ಅಂಗಡಿ ಸುತ್ತಿ ಗಂಗರಾಜುವಿಗೆ ಮುಟ್ಟಿ, ಮೊನ್ನೆ ಊಟಕ್ಕೆ ಕೂತಾಗ ಮಗ ಮುದ್ದೆ ಮುರಿಯುತ್ತ, “ಅಪ್ಪ, ಈ ಸಲ ಕಾಯಿ ಆರಿಸೋಕೆ ಶಂಭುಲಿಂಗಣ್ಣನ್ನ ಕರೆಯಾನ?” ಅಂದಿದ್ದ. ದೊಡ್ಡಣ್ಣ ತಟ್ಟೆಯನ್ನು ಅತ್ತ ಸರಿಸಿದ್ದ. “ನಮ್ಮ ಅಟ್ಟದ ಕಾಯಿಗೆ ಕಂಡೋರ ಕಿವಿ ಯಾಕ್ಲಾ? ಈ ಸಲ ಒಂದು ಒದ್ದೆ ಬರ್ಲಿ, ಆಮೇಲೆ ನಾನು ಕಾಯಿ ಮುಟ್ಟಿದ್ರೆ ಕೇಳು,” ಅಂದುಬಿಟ್ಟಿದ್ದ.

ಚಿಪ್ಪು ಒಡೆಯುವ ಹೆಂಗಸರು ನಾಳೆ ಬೆಳಿಗ್ಗೆ ಬರುವವರಿದ್ದರು. ಸುಲಿದ ಕಾಯಿ ಪಡಸಾಲೆಯಲ್ಲಿ ಗುಡ್ಡೆ ಬಿದ್ದಿತ್ತು. ಆರಿಸುವುದಕ್ಕೆ ಇವತ್ತೊಂದೇ ದಿನ; ಉಳಿದಿರುವ ಅರೆಕಿವಿಯನ್ನು ಪೂರಾ ಅದಕ್ಕೇ ಕೊಡಬೇಕು; ಅದಕ್ಕೆ ಎರಡು ಗಂಟೆಯ ನೆಮ್ಮದಿ ಬೇಕು. ಅಂಸಿ ಒಬ್ಬಳೇ ಆಡಲೇಬೇಕು.

ಸರಿ, ಸೊಸೆ ಹೇಳಿಕೊಟ್ಟಂತೆ ಶುರುಮಾಡಿದ. ಗೊಂಬೆ, ಒಲೆ ಎಲ್ಲ ಹರಡಿ ಪಕ್ಕದಲ್ಲಿ ಕೂತ. ಅಂಸಿ ಒಲೆಯ ಮೇಲೆ ಕುಕ್ಕರ್ ಇಟ್ಟಳು. ದೊಡ್ಡಣ್ಣ ಕುಂಡಿಯ ಮೇಲೇ ಒಂದು ಮೊಳ ಹಿಂದೆ ಸರಿದ. ಅಂಸಿ ಒಲೆ ಕುಕ್ಕರ್ ಸಮೇತ ಒಂದು ಮೊಳ ಮುಂದೆ ಬಂದಳು. ಅವನು ಇನ್ನೊಂದು ಮೊಳ ಸರಿದ, ಅವಳು ಇನ್ನೊಂದು ಮೊಳ ಬಂದಳು. ಹೀಗೇ ಪಡಸಾಲೆ ದಾಟಿ, ಹೊಸ್ತಿಲು ದಾಟಿ, ಅಂಗಳ ದಾಟಿ, ಕೊನೆಗೆ ಅವನ ಬೆನ್ನಿಗೆ ಏನೋ ಬೆಚ್ಚಗೆ ತಾಕಿತು. ತಿರುಗಿ ನೋಡಿದರೆ ಎಮ್ಮೆ. ಅಂಸಿ ಖಾಲಿ ತಟ್ಟೆ ಚಾಚಿ, “ದೋಸೆ ತಿನ್ನು ತಾತ,” ಅಂದಳು. ಎಮ್ಮೆಗೂ ಒಂದು ಹಾಕಿದಳು.

ಎರಡನೇ ಉಪಾಯ ಅವನದೇ. ತೋಟದಿಂದ ದೋಣಿಯಂಥ ಒಣ ಹೊಂಬಾಳೆ ಸಿಪ್ಪೆ ತಂದು, ಮೂಗುದಾರದಂತೆ ಹಗ್ಗ ಕಟ್ಟಿ, “ನೋಡವ್ವ, ಗಾಡಿ. ಒಬ್ಳೇ ಎಳ್ಕೊಂಡು ಆಡ್ಕೊ,” ಅಂದ. ಅಂಸಿ ಗಾಡಿಯನ್ನು ಸುತ್ತುಹಾಕಿ ನೋಡಿ, ಹತ್ತಿ ಕೂತು, “ಊಂ, ಎಳಿ,” ಅಂದಳು. ಅಂಗಳವನ್ನು ಏಳು ಸುತ್ತು ಎಳೆದ ಮೇಲೆ ದೊಡ್ಡಣ್ಣನಿಗೆ ಒಂದು ಸತ್ಯ ಹೊಳೆಯಿತು: ತಾನು ಹೊಸದಾಗಿ ಏನೇ ಮಾಡಿಕೊಟ್ಟರೂ ಈ ಹುಡುಗಿ ಅದರಲ್ಲಿ ತನಗೊಂದು ಕೂಲಿ ಹುಡುಕುತ್ತಾಳೆ.

ಹನ್ನೆರಡು ಗಂಟೆಗೆ ಅವನು ಸೋತು ಗುಡ್ಡೆಯ ಪಕ್ಕ ಕುಕ್ಕರಿಸಿದ. ಒಂದು ಕಾಯಿ ಎತ್ತಿ ಅಲುಗಿಸಿ ಬಲಗಿವಿಗೆ ಹಿಡಿದ. ಅಂಸಿ ಬಂದು ತೊಡೆಯ ಮೇಲೆ ಕೂತಳು.

“ಏನ್ ಮಾಡ್ತೀಯ ತಾತ?”

ಹೇಳಿಕೊಡಬೇಡಿ ಎಂದಿದ್ದಳು ಸೊಸೆ. ಆದರೆ ಕಥೆ ಹೇಳಬೇಡಿ ಅಂದಿರಲಿಲ್ಲವಲ್ಲ? ಅವನು ಹುಡುಗನಾಗಿದ್ದಾಗ ಅವ್ವ ಇದೇ ಪಡಸಾಲೆಯಲ್ಲಿ ಕಾಯಿ ಆರಿಸುತ್ತ ಹೇಳಿದ್ದ ಕಥೆ ನಾಲಿಗೆಗೆ ತಾನಾಗಿ ಬಂತು.

“ಈ ಒಂದೊಂದು ಕಾಯೊಳಗೂ ಒಬ್ರು ಅವ್ರೆ ಕಣವ್ವ. ಅಟ್ಟದ ಮ್ಯಾಲೆ ಮಲ್ಗಿದ್ರು ಇಷ್ಟು ದಿನ. ಈಗ ಎದ್ದವ್ರೆ. ಎದ್ದು ಸ್ನಾನ ಮುಗ್ಸಿದೋರು ಬಾಗ್ಲು ತಟ್ತಾರೆ, ಗುಡುಗುಡು ಅಂತ. ಬಾಗ್ಲು ತೆಗೀರಿ, ನಾವು ತಿಪಟೂರಿಗೆ ಹೋಗ್ಬೇಕು ಅಂತಾರೆ.”

“ಸ್ನಾನ ಮುಗ್ಸದೇ ಇರೋರು?”

“ಅವ್ರು ಇನ್ನೂ ಚೊಳಕ್ ಚೊಳಕ್ ಅಂತ ನೀರು ಸುರ್ಕೊತಾ ಇರ್ತಾರೆ. ಅಂಥೋರ ಮನೆ ಬಾಗ್ಲು ತೆಗೆದ್ರೆ ಮರ್ಯಾದೆನಾ ನೀನೇ ಹೇಳು.”

ಅಂಸಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಒಂದು ಕಾಯಿ ತೆಗೆದುಕೊಂಡು ಕಿವಿಗೆ ಹಿಡಿದಳು. ಇನ್ನೊಂದು ತೆಗೆದುಕೊಂಡಳು. ಎರಡನ್ನೂ ಎದೆಗವಚಿಕೊಂಡು ತೊಡೆಯಿಂದಿಳಿದು ಕೋಣೆಯ ಕಡೆ ಹೋದಳು. ಹೋದವಳು ತಾತನನ್ನು ಕರೆಯಲಿಲ್ಲ.

ದೊಡ್ಡಣ್ಣ ನಂಬದೆ ಸ್ವಲ್ಪ ಹೊತ್ತು ಕಾದ. ಕರೆ ಬರಲಿಲ್ಲ. ತಡಮಾಡದೆ ಕೆಲಸಕ್ಕೆ ಕೂತ. ಅಲುಗಿಸಿದ್ದು, ಹಿಡಿದದ್ದು, ಒಣಗಿದ್ದು ಬಲಕ್ಕೆ, ಹಸಿಯದು ಎಡಕ್ಕೆ. ಎದುರಿನ ಗುಡ್ಡೆ ಕರಗುತ್ತ ಬಂತು. ನಡುನಡುವೆ ಅಂಸಿ ಇರುವೆಯಂತೆ ಬಂದು, ಒಣಗಿದ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತನ್ನಷ್ಟಕ್ಕೆ ಏನೋ ಗೊಣಗುತ್ತ, ಒಂದು ಕಾಯಿ ಎತ್ತಿಕೊಂಡು ಹೋಗುತ್ತಿದ್ದಳು. ಹೋಗಲಿ ಅಂದುಕೊಂಡ. ಒಂದು ಕಾಯಿ ಹೋದರೆ ಒಂದು ಗಳಿಗೆ ನೆಮ್ಮದಿ.

ಆದರೆ ನೆಮ್ಮದಿಯೂ ಅವನು ನೆನೆಸಿದಷ್ಟು ರುಚಿಯಾಗಿರಲಿಲ್ಲ. ಕೋಣೆಯ ಕಡೆಯಿಂದ ಸದ್ದಿಲ್ಲ. ಸದ್ದು ಇಲ್ಲವೋ, ತನಗೆ ಕೇಳುತ್ತಿಲ್ಲವೋ? ಎರಡು ಸಲ ಎದ್ದು, ಬಾಗಿಲ ಸಂದಿಯಲ್ಲಿ ಇಣುಕಿದ. ಮಂಚದ ಸುತ್ತ ಅಂಕಮ್ಮನ ಹಳೇ ಸೀರೆ ಇಳಿಬಿಟ್ಟಿತ್ತು. ಕೆಳಗಿನಿಂದ ಎರಡು ಪುಟ್ಟ ಅಂಗಾಲು ಹೊರಗೆ ಚಾಚಿದ್ದವು. ‘ತಾತ’ ಅನ್ನುತ್ತಾಳೇನೋ ಅಂತ ಎರಡನೇ ಸಲ ಬೇಕೆಂದೇ ಕೆಮ್ಮಿದ. ಅಂಗಾಲು ಒಳಕ್ಕೆ ಹೋದವು.

ಎರಡೂವರೆಗೆ ಆರಿಸುವುದು ಮುಗಿಯಿತು. ಒಣಗಿದ ಗುಡ್ಡೆಯಲ್ಲಿ ನಾನೂರು ಚಿಲ್ಲರೆ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಅವನು ಮಂಚದ ಬಳಿ ಹೋಗಿ ಸೀರೆ ಸರಿಸಿದ.

ಒಳಗೆ ಇಪ್ಪತ್ತಮೂರು ಕಾಯಿಗಳು ಸಾಲಾಗಿ ಮಲಗಿದ್ದವು. ಕೆಲವಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ. ಒಂದಕ್ಕೆ ಅವನದೇ ಕನ್ನಡಕ.

“ಇದೇನವ್ವ?”

“ಆಸ್ಪತ್ರೆ.”

“ಎಲ್ಲಿಂದ ತಂದೆ ಇವ್ನೆಲ್ಲ?”

ಅಂಸಿ ಒಣಗಿದ ಗುಡ್ಡೆಯ ಕಡೆ ಬೆರಳು ತೋರಿಸಿದಳು. “ಸ್ನಾನ ಮುಗ್ಸೇ ಇಲ್ಲ ಇವ್ರು. ಜಾಸ್ತಿ ಹೊತ್ತು ನೀರಲ್ಲಿದ್ದು ಜ್ವರ ಬಂದೈತೆ.”

“ಅವೆಲ್ಲ ಒಣಗಿರೋವು ಕಣೇ. ತಾತ ನೋಡಿ ಮಡಗಿದ್ದು.”

“ಇಲ್ಲ. ಚೊಳಕ್ ಅಂತೈತೆ.”

ದೊಡ್ಡಣ್ಣ ಒಂದನ್ನು ಎತ್ತಿ ಅಲುಗಿಸಿದ. ಗುಡುಗುಡು ಕೈಗೆ ತಿಳಿಯಿತು. ಬಲಗಿವಿಗೆ ಹಿಡಿದ. ಅಲ್ಲೂ ಗುಡುಗುಡು. ಬೇರೇನಿಲ್ಲ. ಸುಮ್ಮನೆ ಎಡಗಿವಿಗೂ ಹಿಡಿದು ನೋಡಿದ. ಅದು ಎಂದಿನಂತೆ ಝುಂಯ್ ಎಂದಿತು. ಮಗುವಿನ ಮಾತೆಂದು ನಗಲು ಹೊರಟವನಿಗೆ ಯಾಕೋ ನಗು ಬರಲಿಲ್ಲ. ಕಾಯನ್ನು ಹಿತ್ತಲಿಗೆ ಒಯ್ದು ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕಿದ. ಹುಳಿ ವಾಸನೆಯ ನೀರು ಅವನ ಮೊಣಕಾಲ ಮೇಲೆ ಚೆಲ್ಲಿತು.

ಎರಡನೆಯದನ್ನು ಒಡೆದ. ನೀರು. ಮೂರನೆಯದನ್ನೂ ಒಡೆದ. ಅದರಲ್ಲೂ ಒಂದು ಗುಟುಕು.

ಮುಂದಕ್ಕೆ ಒಡೆಯಲಿಲ್ಲ. ಇಪ್ಪತ್ತಮೂರು. ಇಷ್ಟೂ ನಾಳೆ ಎಲ್ಲರ ಕಣ್ಣೆದುರಿಗೆ ಬಿಚ್ಚಿಕೊಳ್ಳುತ್ತಿದ್ದವು, ಶಂಭುಲಿಂಗಯ್ಯ ಬಂದು ಅಂಗಳದ ಕಲ್ಲುಬೆಂಚಿನ ಮೇಲೆ ಕಾಲಾಡಿಸುತ್ತ ಎಣಿಸುತ್ತಿದ್ದ. ಅಷ್ಟಕ್ಕೂ ಈ ಹುಡುಗಿ ಮುಟ್ಟಿದ್ದು ಗುಡ್ಡೆಯ ಅಂಚನ್ನು ಮಾತ್ರ. ನಡುವಿನಲ್ಲಿ ಇನ್ನೆಷ್ಟು ಜನ ಸ್ನಾನದಲ್ಲಿದ್ದಾರೋ!

ವಾಪಸು ಬಂದು ಮಂಚದ ಮುಂದೆ ಕೂತ. ದನಿ ತಾನಾಗಿಯೇ ಮೆತ್ತಗಾಯಿತು.

“ಅಂಸಮ್ಮ, ನಮ್ಮವ್ವ, ಬಾ ಇಬ್ರೂ ಆಡಾನ. ಆ ಗುಡ್ಡೆ ತಾವ ಕುಂತು.”

ಸೀರೆಯ ಆಚೆಯಿಂದ ಉತ್ತರ ಬಂತು. “ನೀನು ಒಬ್ನೇ ಆಡ್ಕೊ ತಾತ. ನಂಗೆ ಕೆಲ್ಸ ಐತೆ.”

ದೊಡ್ಡಣ್ಣ ಮೂರು ಸಲ ಕರೆದ. ಬಿಸ್ಕತ್ತು ತೋರಿಸಿದ. ಹೊಂಬಾಳೆ ಗಾಡಿಯಲ್ಲಿ ಹತ್ತು ಸುತ್ತು ಎಳೆಯುತ್ತೇನೆಂದ. ಬೇಕಾದರೆ ಸಾಯುತ್ತೇನೆ ಅಂತಲೂ ಅಂದ. ಬೆಳಿಗ್ಗೆ ಸಾವಿಗೆ ಇದ್ದ ಬೆಲೆ ಮಧ್ಯಾಹ್ನಕ್ಕೆ ಇಳಿದುಹೋಗಿತ್ತು. ಕೊನೆಗೆ ಎದ್ದು ಹೋಗಿ, ಗುಡ್ಡೆಯಿಂದ ಒಂದು ಕಾಯಿ ತಂದು, ಟವೆಲ್ಲು ಹೊದಿಸಿ, ಕಂಕುಳಲ್ಲಿಟ್ಟುಕೊಂಡು ಸೀರೆಯ ಹೊರಗೆ ನಿಂತು ನರಳಿದ.

“ಡಾಕ್ಟ್ರಮ್ಮ, ಒಸಿ ನೋಡ್ರೀ. ನಮ್ ಹುಡುಗ ಬೆಳಿಗ್ಗೆಯಿಂದ ಬಚ್ಚಲು ಬಿಟ್ಟು ಬರ್ತಿಲ್ಲ.”

ಸೀರೆ ಒಂದು ಬೆರಳಿನಷ್ಟು ಸರಿಯಿತು. ಒಂದು ಕಣ್ಣು ಕಂಡಿತು. “ನೀವು ಯಾರು?”

“ನಾನಾ? ಕಾಂಪೌಂಡ್ರು ಕಣ್ರೀ. ಹೊಸದಾಗಿ ಸೇರ್ಕೊಂಡಿದ್ದೀನಿ.”

ಬಹಳ ಯೋಚಿಸಿ ಡಾಕ್ಟರು ಕೈ ಚಾಚಿದರು.

ಆಮೇಲೆ ನಡೆದದ್ದು ಆಸ್ಪತ್ರೆಯ ಕೆಲಸ. ಕಾಂಪೌಂಡರು ಬುಟ್ಟಿ ಬುಟ್ಟಿ ರೋಗಿಗಳನ್ನು ಹೊತ್ತು ತರುವುದು, ಕಿವಿಯ ಹತ್ತಿರ ಅಲುಗಿಸುವುದು, ಡಾಕ್ಟರು “ತಿಪಟೂರಿಗೆ” ಅಥವಾ “ಅಡ್ಮಿಟ್ಟು” ಅನ್ನುವುದು. ನಡುವೆ ಡಾಕ್ಟರು ಎರಡು ಸಲ ಬಿಸ್ಕತ್ತಿಗೆ ಹೋದರು, ಒಂದು ಸಲ ಒಬ್ಬ ರೋಗಿಯ ಮೇಲೆ ಸಿಟ್ಟಾಗಿ ಮುಖ ತಿರುಗಿಸಿ ಕೂತರು. ಕಾಂಪೌಂಡರು ರೋಗಿಯ ಪರವಾಗಿ ಕ್ಷಮೆ ಕೇಳಬೇಕಾಯಿತು. ಐದು ಗಂಟೆಗೆ ನಯನ ಬಂದಾಗ ಮಂಚದ ಕೆಳಗೆ ಐವತ್ತೊಂದು ಜನ ಅಡ್ಮಿಟ್ಟಾಗಿದ್ದರು. ದೊಡ್ಡಣ್ಣನ ತಲೆಯ ಮೇಲೆ ಒದ್ದೆ ಬಟ್ಟೆಯಿತ್ತು.

“ಮಾವ, ಒಬ್ಬಳೇ ಆಡೋಕೆ ಬಿಡಿ ಅಂದಿದ್ದೆ,” ಅಂದಳು ನಯನ.

“ಒಬ್ಳೇ ಆಡ್ತಾವ್ಳೆ ಕಣಮ್ಮ. ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ.”

ನಯನ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನೋಡಿದಳು. ಮಾವ ಅಲುಗಿಸುವುದು, ಮಗಳ ಮುಖ ನೋಡುವುದು, ಮತ್ತೆ ಅಲುಗಿಸುವುದು. ಆಮೇಲೆ ಏನೋ ಕೇಳಿದಳು. ದೊಡ್ಡಣ್ಣನಿಗೆ ಅವಳ ತುಟಿ ಅಲುಗಿದ್ದು ಕಾಣಿಸಿತು. ಅಭ್ಯಾಸದಂತೆ “ಹ್ಞೂಂ” ಅಂದ. ಅವಳು ನಕ್ಕು ಒಳಗೆ ಹೋದಳು. ತಾನು ಯಾವುದಕ್ಕೆ ಹ್ಞೂಂ ಅಂದೆನೆಂದು ಅವನಿಗೆ ತಿಳಿದದ್ದು ಮುಂದಿನ ಸೋಮವಾರ, ಗಂಗರಾಜು ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ತಿಪಟೂರಿನ ಕಿವಿ ಡಾಕ್ಟರ ಮುಂದೆ ಇಳಿಸಿದಾಗ.

ಮಾರನೆಯ ಬೆಳಿಗ್ಗೆ ಏಳಕ್ಕೇ ಹೆಂಗಸರು ಬಂದು ಅಂಗಳದಲ್ಲಿ ಸಾಲಾಗಿ ಕೂತರು. ಅವರಿಗಿಂತ ಮೊದಲೇ ಶಂಭುಲಿಂಗಯ್ಯ ಕಲ್ಲುಬೆಂಚಿನ ಮೇಲೆ ಹಾಜರಿದ್ದ. ಮಚ್ಚುಗಳು ಟಕಟಕ ಅನ್ನತೊಡಗಿದವು. ಚಿಪ್ಪು ಸೀಳಿದಂತೆ ದುಂಡನೆಯ ಉಂಡೆಗಳು ಒಂದೊಂದಾಗಿ ಹೊರಗೆ ಉರುಳಿದವು. ಐವತ್ತು, ನೂರು, ಇನ್ನೂರು. ಎಲ್ಲಾ ಒಣ. ಶಂಭುಲಿಂಗಯ್ಯ ಎರಡು ಸಲ ಎದ್ದು ಬಂದು ಉಂಡೆಗಳನ್ನು ಒತ್ತಿ ನೋಡಿದ, ಮೂಸಿ ನೋಡಿದ, ಹಿಂದಕ್ಕೆ ಹೋಗಿ ಕೂತ. ಗಂಗರಾಜು ಅಪ್ಪನ ಮುಖ ನೋಡಿ ತಲೆ ಕೆರೆದುಕೊಂಡ. ದೊಡ್ಡಣ್ಣ ಮೀಸೆಯ ಮೇಲೆ ಕೈ ಹಾಕುವಷ್ಟರಲ್ಲಿ ಶಂಭುಲಿಂಗಯ್ಯ ಚೀಲದಿಂದ ಒಂದು ಸುಲಿದ ಕಾಯಿ ತೆಗೆದ.

“ನಮ್ ಅಟ್ಟದ್ದು ಕಣ್ಲಾ. ಒಣಗೈತೆ ಅಂತ ನಂಗೆ ಗೊತ್ತು. ಸುಮ್ಕೆ, ನಿನ್ ಬಾಯಲ್ಲೂ ಒಂದ್ ಮಾತು ಕೇಳಾನ ಅಂತ.”

ಮಚ್ಚುಗಳು ನಿಂತವು. ದೊಡ್ಡಣ್ಣ ಕಾಯಿ ತೆಗೆದುಕೊಂಡು ಅಲುಗಿಸಿದ. ಗುಡುಗುಡು ಇತ್ತು. ಮಿಕ್ಕದ್ದನ್ನು ದೇವರೇ ಬಲ್ಲ, ಇಲ್ಲವೇ ಮಂಚದ ಕೆಳಗಿನವಳು.

“ಅಂಸೀ, ಒಸಿ ಬಾರವ್ವ ಇಲ್ಲಿ.”

“ಬರಲ್ಲ. ಆಪರೇಸನ್ ನಡೀತೈತೆ.”

ಕೆಲಸಕ್ಕೆ ಹೊರಟು ನಿಂತಿದ್ದ ನಯನ ಹೊಸ್ತಿಲಿನಿಂದ ಅಂದಳು: “ಮಾವ, ಅವಳ ಪಾಡಿಗೆ ಆಡ್ತಾ ಇದ್ದಾಳೆ. ಮಧ್ಯೆ ಬಾಯಿ ಹಾಕಬೇಡಿ.”

ದೊಡ್ಡಣ್ಣ ಕಾಯನ್ನೊಮ್ಮೆ, ಕಾದು ನಿಂತವರನ್ನೊಮ್ಮೆ ನೋಡಿದ. ‘ಒಣಗೈತೆ’ ಅಂದುಬಿಟ್ಟರೆ ಮುಗಿಯಿತು. ಒದ್ದೆ ಬಂದರೆ ಅವನ ಕಥೆಯೂ ಮುಗಿಯಿತು. ಶಂಭುಲಿಂಗಯ್ಯನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮಂಚದ ಮುಂದೆ ನೆಲದ ಮೇಲೆ ಕೂರಿಸಿದ, ತಾನೂ ಕೂತ.

“ಇಲ್ಲಿಗ್ಯಾಕ್ಲಾ?” ಅಂದ ಶಂಭುಲಿಂಗಯ್ಯ.

ಎರಡು ವರ್ಷ ಬಚ್ಚಿಟ್ಟ ಮಾತು. ದೊಡ್ಡಣ್ಣ ಹೇಳಿಯೇಬಿಟ್ಟ. “ನನ್ ಕಿವಿ ಈಗ ಈ ಮಂಚದ ಕೆಳಗೈತೆ ಕಣ್ಲಾ ಶಂಭು. ನಂಗೆ ಕೇಳ್ಸಲ್ಲ.”

ಶಂಭುಲಿಂಗಯ್ಯ ಮುಖ ಕಿವುಚಿ ಮುಂದಕ್ಕೆ ಬಾಗಿದ. “ಏನಂದೆ? ಈ ಕಡೆ ಬಂದು ಹೇಳು. ಆ ಕಿವಿ ಹೋಗಿ ಮೂರು ವರ್ಷ ಆಯ್ತು.”

ಅಂದವನು ಅಂದಮೇಲೆ ಬಾಯಿ ಮುಚ್ಚಿಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಚೀಲದಲ್ಲಿ ಕಾಯಿ ಯಾಕೆ ಬಂತೆಂದು ದೊಡ್ಡಣ್ಣನಿಗೆ ಹೊಳೆಯಿತು. ಅವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು. ಶಂಭುಲಿಂಗಯ್ಯನೂ ತಡೆಯಲಾರದೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ.

ಸೀರೆಯ ಒಳಗಿನಿಂದ ಗದರಿಕೆ ಬಂತು. “ಯಾರದು ಗಲಾಟೆ? ಲೈನಲ್ಲಿ ಕುಂತ್ಕೊಳ್ಳಿ.”

ಇಬ್ಬರೂ ಲೈನಾಗಿ ಕೂತರು. ಶಂಭುಲಿಂಗಯ್ಯ ಕಾಯನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡ. ಒಳಗೆ ಆಪರೇಷನ್ ಮುಗಿದು ಡಾಕ್ಟರು “ಮುಂದಿನೋರು” ಅಂತ ಮೆತ್ತಗೆ ಕರೆದರು. ಇನ್ನೊಮ್ಮೆ ಕರೆದರು. ಲೈನಿನಲ್ಲಿದ್ದ ಇಬ್ಬರಿಗೂ ಕೇಳಿಸಲಿಲ್ಲ.

ಮೂರನೇ ಸಲ ಅಂಸಿ ಸೀರೆ ಸರಿಸಿ ತಲೆ ಹೊರಗೆ ಹಾಕಿದಳು. ಶಂಭುಲಿಂಗಯ್ಯನ ತೊಡೆಯಿಂದ ಕಾಯನ್ನು ಎತ್ತಿಕೊಂಡು ಕಿವಿಗೆ ಹಿಡಿದು ಅಲುಗಿಸಿದಳು. ಇಬ್ಬರು ಮುದುಕರೂ ಅವಳ ತುಟಿಯನ್ನೇ ನೋಡಿದರು.

“ಅಡ್ಮಿಟ್ಟು,” ಅಂದಳು. ಅಂದು, ಕಾಯಿಯನ್ನು ಒಳಗೆಳೆದುಕೊಂಡು ಸೀರೆ ಎಳೆದಳು. “ನೀವು ನಾಳೆ ಬನ್ನಿ.”